ಗ್ರಾಫೀನ್‌ಗೂ ತಟ್ಟಿದ ಸಹವಾಸ ದೋಷ

ನಮಸ್ಕಾರ. ಇದು ಹಳೇ ಕಾಲದ 60 ವ್ಯಾಟ್ ಬಲ್ಬ್. 230 ವೋಲ್ಟ್‌ನಲ್ಲಿ ಉರಿಯುವಾಗ ಇದರ ರೋಧ, ಲೆಕ್ಕ ಹಾಕಿದರೆ, ಸುಮಾರು 880 ಓಮ್. ಈಗ ಹೋಲ್ಡರ್‌ನಿಂದ ಬಿಚ್ಚಿದ್ದೇನೆ, ತಣ್ಣಗಿದೆ. ಮಲ್ಟಿಮೀಟರ್ ಹಿಡಿದರೆ... 66!

ಮೀಟರ್ ಕೆಟ್ಟಿರಬೇಕು ಅಂದುಕೊಂಡು ಮೂರು ಸಲ ಅಳೆದೆ. ಮೀಟರ್ ಸರಿಯಾಗೇ ಇದೆ. ಲೋಹ ಕಾದಷ್ಟೂ ಅದರ ಪರಮಾಣುಗಳು ಜಾಸ್ತಿ ನಡುಗುತ್ತವೆ, ಎಲೆಕ್ಟ್ರಾನ್‌ಗಳ ಓಟಕ್ಕೆ ಅಡ್ಡ ಬರುತ್ತವೆ. ಶುದ್ಧ ಸಿಲಿಕಾನ್ ಇದಕ್ಕೆ ಉಲ್ಟಾ. ಬಿಸಿ ತಾಗಿದರೆ ಹೊಸ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡು ಬರುತ್ತವೆ, ರೋಧ ಇಳಿಯುತ್ತದೆ.

ಗ್ರಾಫೀನ್ ಯಾವ ಕಡೆ? ಎರಡೂ ಕಡೆ!

ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ ಇದು. 2004ರಲ್ಲಿ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ತಂಡ ಇದನ್ನು ಗ್ರಾಫೈಟ್‌ನಿಂದ ಅಂಟುಟೇಪಿನಲ್ಲಿ ಕಿತ್ತ ಕಥೆ ಕೇಳಿರುತ್ತೀರಿ, ಅದು ಬಿಡಿ. ಸಾಮಾನ್ಯವಾಗಿ ಇದನ್ನು ಸಿಲಿಕಾನ್ ಬಿಲ್ಲೆಯ ಮೇಲಿರುವ ಸಿಲಿಕಾನ್ ಡೈಆಕ್ಸೈಡ್ ಪದರದ ಮೇಲೆ ಕೂರಿಸುತ್ತಾರೆ. ಕೆಳಗಿನ ಸಿಲಿಕಾನ್‌ಗೆ ವೋಲ್ಟೇಜ್ ಕೊಟ್ಟು ಹಾಳೆಯಲ್ಲಿ ಎಷ್ಟು ಎಲೆಕ್ಟ್ರಾನ್ ಇರಬೇಕು ಅಂತ ತಿರುಪಬಹುದು. ತೀರಾ ಕಮ್ಮಿ ಮಾಡಿದರೆ, ಬಿಸಿಗೆ ರೋಧ ಇಳಿಯುತ್ತದೆ. ತುಂಬಿಸಿದರೆ, ಲೋಹದ ಹಾಗೆ ಏರುತ್ತದೆ. ಹಾಳೆ ಒಂದೇ, ಗುಂಡಿ ತಿರುಗಿಸಿದರೆ ಸ್ವಭಾವವೇ ಬೇರೆ. ನನಗೆ ಇದನ್ನು ನಂಬೋಕೆ ಸ್ವಲ್ಪ ಹೊತ್ತೇ ಬೇಕಾಯಿತು.

ಏರುತ್ತದೆ ಅಂದೆನಲ್ಲ, ಎಷ್ಟು? ಕಾರ್ಬನ್ ಬಂಧ ಬಹಳ ಬಿಗಿ, ಹಾಗಾಗಿ ಅದರ ನಡುಕದಿಂದ ಆಗುವ ತೊಂದರೆ ಅಷ್ಟಕ್ಕಷ್ಟೇ. ಕೋಣೆಯ ತಾಪದಲ್ಲಿ, ಒಂದು ಚೌಕದ ಹಾಳೆಗೆ ಅದು ಸೇರಿಸುವುದು ಸುಮಾರು 30 ಓಮ್ ಮಾತ್ರ. ತಾಪ ಏರಿದಂತೆ ನೇರ ಗೆರೆಯಲ್ಲಿ ಏರುತ್ತದೆ. ಆದರೆ 2008ರಲ್ಲಿ ಅಳೆದವರಿಗೆ ಒಂದು ವಿಚಿತ್ರ ಕಂಡಿತು. ಸುಮಾರು 200 ಕೆಲ್ವಿನ್, ಅಂದರೆ ಮೈನಸ್ 73 ಡಿಗ್ರಿ ದಾಟಿದ ಮೇಲೆ ಗೆರೆ ಗೆರೆಯಾಗಿ ಉಳಿಯಲಿಲ್ಲ, ಸರ್ರನೆ ಮೇಲೆದ್ದಿತು.

ತಪ್ಪು ಗ್ರಾಫೀನ್‌ದಲ್ಲ. ಕೆಳಗಿನ ಆಕ್ಸೈಡ್‌ನ ಪರಮಾಣುಗಳು ಬಿಸಿಗೆ ನಡುಗಿದಾಗ ಅವುಗಳ ವಿದ್ಯುತ್ ಕ್ಷೇತ್ರ ಮೇಲಿನ ಹಾಳೆಯವರೆಗೂ ಚಾಚುತ್ತದೆ, ಎಲೆಕ್ಟ್ರಾನ್‌ಗಳ ಕಾಲೆಳೆಯುತ್ತದೆ. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತಾರಲ್ವಾ, ಅದೇ ಕಥೆ. ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಓಡುತ್ತದೆ ಅನ್ನುವುದಕ್ಕೆ ಮೊಬಿಲಿಟಿ ಅನ್ನುವ ಅಳತೆ ಇದೆ, ಪ್ರತಿ ವೋಲ್ಟ್-ಸೆಕೆಂಡಿಗೆ ಇಷ್ಟು ಚದರ ಸೆಂಟಿಮೀಟರ್ ಅಂತ ಲೆಕ್ಕ. ಕೋಣೆಯ ತಾಪದಲ್ಲಿ ಗ್ರಾಫೀನ್ ತನ್ನ ಪಾಡಿಗೆ ತಾನಿದ್ದರೆ ಅದು 2 ಲಕ್ಷದವರೆಗೆ ಹೋಗಬಹುದು. ಈ ಆಕ್ಸೈಡ್ ಮೇಲೆ 40 ಸಾವಿರಕ್ಕೇ ನಿಲ್ಲುತ್ತದೆ.

ಸರಿ, ಕೆಳಗಿನ ಪದರವನ್ನೇ ಆಸಿಡ್‌ನಲ್ಲಿ ಕರಗಿಸಿ ಹಾಳೆಯನ್ನು ಗಾಳಿಯಲ್ಲಿ ನೇತುಹಾಕಿದರು. ಅಷ್ಟಕ್ಕೇ ಗುಣ ಕಾಣಲಿಲ್ಲ. ಮೈಗೆ ಕೊಳೆ ಅಂಟಿತ್ತು. ಕೊನೆಗೆ ಆ ಹಾಳೆಯಲ್ಲೇ ಜೋರಾಗಿ ಕರೆಂಟ್ ಹಾಯಿಸಿ, ಚೆನ್ನಾಗಿ ಕಾಯಿಸಿ, ಕೊಳೆ ಓಡಿಸಿದರು. ಆಮೇಲೆ ತಣ್ಣಗೆ ಮಾಡಿ ಅಳೆದಾಗ ಮೊಬಿಲಿಟಿ 2 ಲಕ್ಷ ದಾಟಿತ್ತು.