ಕೈಯೂರದೆ ಎದ್ದು ನಿಲ್ಲಿ

ಕೇಳುಗರಿಗೆ ನಮಸ್ಕಾರ. ಅರವತ್ತು ದಾಟಿದವರು ಯಾರಾದರೂ ಕೇಳುತ್ತಿದ್ದರೆ, ಕೂತ ಕುರ್ಚಿಯಿಂದ ಕೈಯೂರದೆ ಒಮ್ಮೆ ಎದ್ದು ನಿಲ್ಲಿ. ಎದ್ದಿರಾ? ಸಂತೋಷ. "ಅಯ್ಯಪ್ಪಾ" ಎಂದು ಕುರ್ಚಿಯ ಕೈ ಹಿಡಿದುಕೊಂಡಿರಾ? ಹಾಗಾದರೆ ಈ ಮಾತು ನಿಮಗೇ. ಬಿಪಿ ನೋಡಿಸುತ್ತೀರಿ, ಶುಗರ್ ನೋಡಿಸುತ್ತೀರಿ, ತೊಡೆಯ ಬಲವನ್ನು ಮಾತ್ರ ಕೇಳುವವರಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲು, ಕಕ್ಕಸಿನಿಂದ ಏಳಲು, ಎಡವಿದಾಗ ಸಾವರಿಸಿಕೊಳ್ಳಲು ಆ ಬಲವೇ ಬೇಕು.

"ಈ ವಯಸ್ಸಿನಲ್ಲಿ ಇನ್ನೇನು ಬಲ ಬರುತ್ತೆ ಬಿಡಿ" ಎನ್ನುವವರಿಗೆ ಅಮೆರಿಕದ ಬಾಸ್ಟನ್ ನಗರದ ಸಂಗತಿ ಹೇಳಬೇಕು. ಅಲ್ಲಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ಹತ್ತು ಜನರನ್ನು ಆರಿಸಿಕೊಂಡರು. ಎಲ್ಲರೂ ತೊಂಬತ್ತರ ಆಸುಪಾಸಿನವರು, ಸೊರಗಿದವರು. ಕೆಲವರಿಗೆ ಕೈಯೂರದೆ ಕುರ್ಚಿಯಿಂದ ಏಳಲೂ ಆಗುತ್ತಿರಲಿಲ್ಲ. ಅವರಿಗೆ ಕೊಟ್ಟಿದ್ದು ಔಷಧಿಯಲ್ಲ, ಭಾರ. ಕುಳಿತು ಕಾಲಿನಿಂದ ಭಾರ ಎತ್ತುವುದು, ವಾರಕ್ಕೆ ಮೂರು ದಿನ, ಎಂಟು ವಾರ. ಅದೂ ಹಗುರ ಭಾರವಲ್ಲ, ಅವರ ಗರಿಷ್ಠ ಶಕ್ತಿಯ ನೂರಕ್ಕೆ 80ರಷ್ಟು! ಒಂಬತ್ತು ಜನ ಪೂರ್ತಿ ಮಾಡಿದರು. ಕಾಲಿನ ಬಲ ಸರಾಸರಿ 174 ಪ್ರತಿಶತ ಏರಿತು. ಇಬ್ಬರು ಊರುಗೋಲು ಬಿಟ್ಟರು. ಇದು 1990ರಲ್ಲಿ ಪ್ರಕಟವಾದದ್ದು. ಇನ್ನೊಂದು ಮಾತನ್ನೂ ಕೇಳಿ: ಅಭ್ಯಾಸ ನಿಲ್ಲಿಸಿದ ನಾಲ್ಕೇ ವಾರಕ್ಕೆ ಬಲ 32 ಪ್ರತಿಶತ ಇಳಿದುಹೋಯಿತು. ತೊಂಬತ್ತಕ್ಕೆ ಬಂದ ಬಲ ಎಪ್ಪತ್ತಕ್ಕೆ ಬರುವುದಿಲ್ಲವೇ?

ನಿಮಗೆ ಯಂತ್ರ ಬೇಡ, ಕುರ್ಚಿ ಸಾಕು. ಕೈಯಿಲ್ಲದ, ಗಟ್ಟಿಯಾದ ಮರದ ಕುರ್ಚಿ, ಸುಮಾರು 17 ಇಂಚು ಎತ್ತರ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಹಿಂದಕ್ಕೆ ಜಾರುತ್ತದೆ. ಕುರ್ಚಿಯ ಬೆನ್ನನ್ನು ಗೋಡೆಗೆ ಒರಗಿಸಿಡಿ. ಮುಂಭಾಗಕ್ಕೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ತುಸು ಹಿಂದೆ ಎಳೆದುಕೊಳ್ಳಿ. ಕೈಗಳನ್ನು ಎದೆಯ ಮೇಲೆ ಕಟ್ಟಿ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಿ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಎಲ್ಲರೂ ತಪ್ಪುವುದು ಇಲ್ಲೇ, ಧೊಪ್ಪನೆ ಬೀಳುತ್ತಾರೆ. ನಿಧಾನವಾಗಿ ಇಳಿಯುವಾಗಲೂ ತೊಡೆ ದುಡಿಯುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ಮಂಡಿಗಳು ಒಳಕ್ಕೆ ಸೇರದಿರಲಿ. ಏಳಲು ಆಗದಿದ್ದರೆ ಜಮಖಾನೆ ಮಡಚಿ ಹಾಕಿ ಕುರ್ಚಿ ಎತ್ತರಿಸಿ, ವಾರ ಕಳೆದಂತೆ ಒಂದೊಂದೇ ಮಡಿಕೆ ತೆಗೆಯಿರಿ.

ಹತ್ತು ಬಾರಿ ಎದ್ದು ಕೂತರೆ ಒಂದು ಸುತ್ತು. ಎರಡು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ, ದಿನ ಬಿಟ್ಟು ದಿನ. ತಿಂಗಳಿಗೊಮ್ಮೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರೆಂದು ಎಣಿಸಿ. ಎಪ್ಪತ್ತರ ಗಂಡಸರು 12, ಹೆಂಗಸರು 10 ಮುಟ್ಟದಿದ್ದರೆ ಬಲ ಕಡಿಮೆ ಎಂದರ್ಥ. "ನಾನು ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುತ್ತೀರಿ. ಹೋಗಿ, ಹೃದಯಕ್ಕೆ ಒಳ್ಳೆಯದು. ಆದರೆ ಸಮತಟ್ಟಾದ ದಾರಿಯಲ್ಲಿ ನಡೆದರೆ ಏಳುವ ಬಲ ಅಷ್ಟಾಗಿ ಬೆಳೆಯುವುದಿಲ್ಲ.

ಸಮಯ ಮುಗಿಯುತ್ತಾ ಬಂತು, ಊಟದ ಮಾತು ಚುಟುಕಾಗಿ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ತಿಳಿಸಾರು ಅನ್ನದಿಂದ ಅದು ಸಿಗದು. ಬೇಳೆ ತಟ್ಟೆಗೆ ಬೀಳಲಿ, ಬರೀ ಕಟ್ಟು ಅಲ್ಲ. ಹುರುಳಿ, ಹೆಸರುಕಾಳು ಉಸಲಿ ಮಾಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಇದೆ. ರಾತ್ರಿ ಹೊತ್ತು ಬರೀ ಗಂಜಿ ಕುಡಿದು ಮಲಗಬೇಡಿ, ಮೊಸರನ್ನಾದರೂ ಸೇರಿಸಿ.

ಬಚ್ಚಲಿನ ನೆಲ ಒರೆಸಿಡಿ, ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ ಬಿಡಿ, ನಡುರಾತ್ರಿ ಎದ್ದರೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಿ. ಆಗಲೂ, ಆದಷ್ಟು, ಕೈಯೂರದೆ. ನಮಸ್ಕಾರ.