ಇಟ್ಟಿಗೆಯ ಅಂಗಿ ತೊಟ್ಟ ಮನೆಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಕ್ಷೆ ನೋಡಿ. ಮಿಷಿಗನ್ ಸರೋವರಕ್ಕೆ ಹೆಬ್ಬೆರಳು ಅದ್ದಿದ ಹಾಗೆ ಒಂದು ನೆಲ ಚಾಚಿಕೊಂಡಿದೆ. ಅದೇ ಡೋರ್ ಕೌಂಟಿ. ತುದಿಯ ಕಡೆ ಪ್ರವಾಸಿಗರ ಗಲಾಟೆ. ನಾವು ಬುಡದ ಕಡೆ ಹೋಗೋಣ. ಅಲ್ಲಿ ನಮೂರ್, ಬ್ರಸೆಲ್ಸ್ ಅಂತ ಊರುಗಳಿವೆ. ಹೆಸರು ಕೇಳಿದರೇ ಗೊತ್ತಾಗುತ್ತದೆ ಅಲ್ವಾ, ಬೆಲ್ಜಿಯಂನವರು ಕಟ್ಟಿದ್ದು.

1853ರಲ್ಲಿ ಬೆಲ್ಜಿಯಂನ ಕೆಲವು ರೈತ ಕುಟುಂಬಗಳು ಹಡಗು ಹತ್ತಿ ಬಂದವು. ಗ್ರೀನ್ ಬೇ ಹತ್ತಿರ ತಮ್ಮ ದೇಶದವರೇ ಆದ ಪಾದ್ರಿಯೊಬ್ಬರು ಸಿಕ್ಕರು. ಸರಿ, ಅಲ್ಲೇ ಬೇರು ಬಿಟ್ಟರು. ಮನೆಮಾತು ವಲೂನ್, ಫ್ರೆಂಚಿನ ನಂಟಿನ ಭಾಷೆ. ಹಿಂದೆಯೇ ಸಾವಿರಾರು ಜನ ಬಂದರು.

ಜಮೀನು ಸರ್ಕಾರದ್ದು. 1785ರಲ್ಲಿ ಶುರುವಾದ ಪದ್ಧತಿಯಂತೆ ನೆಲವನ್ನು ಚೌಕಾಬಾರದ ಮನೆಗಳ ಹಾಗೆ ಅಳೆದಿದ್ದರು. ಒಂದು ಚದರ ಮೈಲಿಗೆ 640 ಎಕರೆ, ಅದರ ಹದಿನಾರನೇ ಪಾಲು 40 ಎಕರೆ. ಎಕರೆಗೆ ಒಂದೂಕಾಲು ಡಾಲರ್. ಇಂಥ ಚೌಕಗಳಲ್ಲಿ ಮನೆಗಳು ದೂರ ದೂರ ಬೀಳುವುದೇ ಜಾಸ್ತಿ. ಇವರು ಮಾತ್ರ ರಸ್ತೆ ಹಿಡಿದು ಸಾಲಾಗಿ ಕಟ್ಟಿಕೊಂಡರು. ಹೊಸ ನೆಲದಲ್ಲೂ ಹಳೇ ಊರಿನ ಅಭ್ಯಾಸ.

ಮೊದಲ ಮನೆಗಳು ಮರದ ದಿಮ್ಮಿಯವು. 1871ರ ಅಕ್ಟೋಬರ್ 8ರ ರಾತ್ರಿ, ಮಳೆಯಿಲ್ಲದೆ ಒಣಗಿದ್ದ ಕಾಡಿಗೆ ಬೆಂಕಿ ಬಿತ್ತು. ಗ್ರೀನ್ ಬೇ ಕೊಲ್ಲಿಯ ಎರಡೂ ದಡದಲ್ಲಿ ಊರೂರೇ ಸುಟ್ಟುಹೋದವು. 1200ಕ್ಕೂ ಹೆಚ್ಚು ಜನ ಸತ್ತರು. ಷಿಕಾಗೊ ಹೊತ್ತಿಕೊಂಡದ್ದೂ ಅದೇ ರಾತ್ರಿ. ಲೋಕಕ್ಕೆ ನೆನಪಿರುವುದು ಅದೊಂದೇ!

ಆಮೇಲೆ ಬಂತು ಕೆಂಪು ಇಟ್ಟಿಗೆ. ಮರುವರ್ಷವೇ ಅಲ್ಲ, ಕೈಯಲ್ಲಿ ಕಾಸು ಓಡಾಡಿದ ಮೇಲೆ. ಎಷ್ಟೋ ಮನೆಗಳಲ್ಲಿ ಇಟ್ಟಿಗೆ ಬರೀ ಅಂಗಿ. ಒಳಗೆ, ಬೆಂಕಿಯಿಂದ ಉಳಿದ ಇಲ್ಲವೇ ಆಮೇಲೆ ಕಟ್ಟಿದ ದಿಮ್ಮಿಗಳು ಹಾಗೇ ಇವೆ. ಹೊರಗೆ ನಿಂತು ನೋಡಿದರೆ ಸುಮ್ನೆ ಅಚ್ಚುಕಟ್ಟಾದ ಇಟ್ಟಿಗೆ ಮನೆ. ಕಿಟಕಿಯ ಹತ್ತಿರ ಹೋದಾಗ ಗುಟ್ಟು ಬಯಲಾಗುತ್ತದೆ. ಗೋಡೆ ಅಷ್ಟು ದಪ್ಪ. ಇನ್ನು ಮುಂದಿನ ಗೋಡೆಯಲ್ಲಿ, ಮಾಡಿನ ನೆತ್ತಿಯ ಕೆಳಗೆ, ಒಂದು ದುಂಡು ಕಿಟಕಿ. ಫ್ರೆಂಚಿನಲ್ಲಿ ಅದಕ್ಕೆ ಎತ್ತಿನ ಕಣ್ಣು ಅನ್ನುತ್ತಾರೆ. ರೈತರ ಮನೆಗೆ ಒಪ್ಪುವ ಹೆಸರು.

ನನಗೆ ಇಷ್ಟವಾದದ್ದು ಹಿತ್ತಿಲ ಕಡೆಯ ಬೇಸಿಗೆ ಅಡುಗೆಮನೆ. ಸೆಕೆಗಾಲದಲ್ಲಿ ಒಲೆಯ ಝಳ ದೊಡ್ಡ ಮನೆಗೆ ಬರಬಾರದು, ಅದಕ್ಕೇ ಬೇರೆ ಗೂಡು. ಅದರ ಹಿಂದಿನ ಗೋಡೆಯಿಂದ ಬೆನ್ನು ಗೂನಾದ ಹಾಗೆ ಹೊರಗೆ ಉಬ್ಬಿರುವುದೇ ಬ್ರೆಡ್ ಒಲೆ. ಬಾಯಿ ಮಾತ್ರ ಒಳಗಡೆ. ಸೌದೆ ತುಂಬಿ ಉರಿಸಿ, ಕೆಂಡ ಬೂದಿ ಎಲ್ಲ ಎಳೆದು, ಕಾದ ಗೋಡೆಯ ಬಿಸಿಯಲ್ಲೇ ಬ್ರೆಡ್ ಬೇಯಿಸುತ್ತಿದ್ದರು. ಸುಗ್ಗಿಯ ಹಬ್ಬ ಕೆರ್ಮಿಸ್ ಬಂದರೆ ಇದೇ ಒಲೆಯಲ್ಲಿ ಸಿಹಿ ಪೈಗಳು.

1990ರಲ್ಲಿ ಈ ಪ್ರದೇಶಕ್ಕೆ ರಾಷ್ಟ್ರೀಯ ಐತಿಹಾಸಿಕ ತಾಣದ ಪಟ್ಟ ಸಿಕ್ಕಿತು. ಹಾಗಂತ ಇದು ಮ್ಯೂಸಿಯಂ ಅಲ್ಲ, ಜನ ಬದುಕುತ್ತಿರುವ ಜಾಗ. ಕೊಟ್ಟಿಗೆಗಳ ಪಾಲಿಗೆ ಮಾತ್ರ ಇಟ್ಟಿಗೆಯ ಅಂಗಿ ಬರಲಿಲ್ಲ. ಕೆಲವು ಮನೆಗಳ ಹಿಂದೆ ಅವು ಇವತ್ತಿಗೂ ಬೋಳು ದಿಮ್ಮಿಯಲ್ಲೇ ನಿಂತಿವೆ, ಕೊಡಲಿಯ ಗುರುತಿನ ಸಮೇತ.

ನಮಸ್ಕಾರ.