ಟಿಕೆಟ್ ಆಮೇಲೆ, ಕೊನೆಯ ಗಾಡಿ ಮೊದಲು

ನಮಸ್ಕಾರ, ಮುಂಬಯಿ ಪಕ್ಕದ ಡೊಂಬಿವಲಿಯಿಂದ ಮಾತಾಡ್ತಾ ಇದ್ದೇನೆ. ಹಿಂದೆ ಕುಕ್ಕರಿನ ಸೀಟಿ ಕೇಳಿದರೆ ಸುಧಾರಿಸಿಕೊಳ್ಳಿ, ನಮ್ಮ ಸ್ಟುಡಿಯೊ ಅಂದ್ರೆ ಬೆಡ್‌ರೂಮಿನ ಒಂದು ಮೂಲೆ.

ಫುಟ್‌ಬಾಲ್ ನೋಡಲಿಕ್ಕೆ ವಿದೇಶಕ್ಕೆ ಹೊರಟವರು ಮೊದಲು ಕೇಳುವುದೇನು? ಯಾವ ಮ್ಯಾಚು, ಯಾವ ಟೀಮು, ಮೆಸ್ಸಿ ಆಡ್ತಾನಾ ಇಲ್ವಾ. ನಾನು ಹೇಳ್ತೇನೆ, ಅದೆಲ್ಲ ಆಮೇಲೆ. ರಾತ್ರಿ ಮ್ಯಾಚ್ ಮುಗಿದ ಮೇಲೆ ನಿಮ್ಮನ್ನು ಮಲಗುವ ಜಾಗಕ್ಕೆ ಮುಟ್ಟಿಸುವ ಗಾಡಿ ಎಲ್ಲಿಂದ ಹೊರಡ್ತದೆ, ಎಷ್ಟು ಗಂಟೆಯವರೆಗೆ ಇದೆ? ಇದು ಗೊತ್ತಿಲ್ಲದೆ ಫೈನಲ್ ಟಿಕೆಟ್ ಪುಕ್ಕಟೆ ಸಿಕ್ಕಿದರೂ ಹೋಗಬೇಡಿ. ಕೊನೆಯ ಕರ್ಜತ್ ಲೋಕಲ್ ಎಷ್ಟಕ್ಕೆ ಅಂತ ನಿದ್ದೆಯಲ್ಲೂ ಹೇಳುವ ನಮ್ಮ ಜನ, ವಿಮಾನ ಹತ್ತಿದ ಕೂಡಲೇ ಈ ಬುದ್ಧಿಯನ್ನು ಮುಂಬಯಿಯ ವಿಮಾನ ನಿಲ್ದಾಣದಲ್ಲೇ ಬಿಟ್ಟು ಹೋಗ್ತಾರೆ.

2022ರಲ್ಲಿ ವಿಶ್ವಕಪ್ ನೋಡಲು ನಾನು ಕತಾರಿನ ದೋಹಾಕ್ಕೆ ಹೋಗಿದ್ದೆ. ಭಾವ ಅಲ್ಲೇ ಇರುವುದು, ನಜ್ಮಾದಲ್ಲಿ ರೂಮು. ಎಂಟು ಸ್ಟೇಡಿಯಂಗಳಲ್ಲಿ ತೀರಾ ದೂರದ ಎರಡರ ನಡುವೆ ಎಪ್ಪತ್ತೈದು ಕಿಲೋಮೀಟರ್ ಆಸುಪಾಸು, ಅಷ್ಟೆ. ನಮ್ಮ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಂದ ಕರ್ಜತ್ ಇದಕ್ಕಿಂತ ದೂರ! ಹಯ್ಯಾ ಕಾರ್ಡ್ ಅಂತ ಒಂದು ಇತ್ತು, ದೇಶದೊಳಗೆ ಬರಲಿಕ್ಕೂ ಅದೇ, ಮೆಟ್ರೊದಲ್ಲಿ ಪುಕ್ಕಟೆ ಓಡಾಡಲಿಕ್ಕೂ ಅದೇ. ಮೆಟ್ರೊ ನಡುರಾತ್ರಿ ಮೂರು ಗಂಟೆಯವರೆಗೆ ಓಡ್ತಿತ್ತು. ಗುಂಪಿನ ಹಂತದಲ್ಲಿ ಮಧ್ಯಾಹ್ನ ಒಂದಕ್ಕೆ ಒಂದು ಮ್ಯಾಚು, ರಾತ್ರಿ ಏಳಕ್ಕೆ ಇನ್ನೊಂದು, ಎರಡನ್ನೂ ನೋಡಿದವರು ಎಷ್ಟೋ ಜನ.

ಆದರೆ ಲುಸೈಲ್ ಬೇರೆಯೇ ಕಥೆ. ಎಂಬತ್ತೆಂಟು ಸಾವಿರಕ್ಕೂ ಹೆಚ್ಚು ಸೀಟು, ಮೆಟ್ರೊದ ಕೆಂಪು ಲೈನಿನ ಕೊನೆಯ ಸ್ಟೇಷನ್. ಮ್ಯಾಚ್ ಮುಗಿದರೆ ಇಡೀ ಜನ ಅದೇ ಬಾಯಿಗೆ ನುಗ್ಗಬೇಕು. ಸ್ಟೇಷನ್ ಎದುರಿಗೇ ಕಾಣ್ತದೆ, ಆದರೆ ಬೇಲಿ ಹಾಕಿ ಸಾಲನ್ನು ಹಾವಿನ ಹಾಗೆ ತಿರುಗಿಸಿ ತಿರುಗಿಸಿ ಬಿಡ್ತಾರೆ. ಎತ್ತರದ ಕುರ್ಚಿಯ ಮೇಲೆ ಕೂತ ಹುಡುಗರು, ಒಂದು ಕೈಗೆ ಸ್ಪಂಜಿನ ದೊಡ್ಡ ಬೆರಳು, ಇನ್ನೊಂದರಲ್ಲಿ ಮೈಕು, ಗಂಟಲು ಒಣಗಿದರೂ 'ಮೆಟ್ರೊ, ಈ ಕಡೆ' ಅಂತ ಕೂಗುತ್ತಲೇ ಇದ್ದಾರೆ. ನನ್ನ ಪಕ್ಕದಲ್ಲಿದ್ದ ಮೆಕ್ಸಿಕೊದ ಅಜ್ಜನೊಬ್ಬ ಸಾಲಿನಲ್ಲೇ ಬೂಟು ಕಳಚಿ, ಕಾಲ್ಚೀಲದಲ್ಲೇ ನಡೀತಿದ್ದ. ಒಂದಿಷ್ಟು ಜನರನ್ನು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು. ಬೇಜಾರಾಗ್ತದೆ, ನಿಜ. ಆದರೆ ಒಬ್ಬರನ್ನೊಬ್ಬರು ತಳ್ಳಲಿಲ್ಲ, ಪ್ಲಾಟ್‌ಫಾರ್ಮಿನಲ್ಲಿ ನೂಕುನುಗ್ಗಲಿಲ್ಲ. ದಾದರ್ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದವರಿಗೆ ಇದರ ಬೆಲೆ ಗೊತ್ತು.

ಇದನ್ನೆಲ್ಲ ಕಟ್ಟಿದ್ದು ಯಾರು, ಯಾವ ಬಿಸಿಲಲ್ಲಿ, ಎಂಥ ಕರಾರಿನಲ್ಲಿ ಅನ್ನುವುದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಕತಾರನ್ನು ನಾನು ತಲೆ ಮೇಲೆ ಹೊತ್ತು ಮೆರೆಸ್ತಾ ಇಲ್ಲ. ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಒಬ್ಬರನ್ನಾದರೂ ಕಳಿಸದ ಮನೆ ಕಡಿಮೆ.

ಆ ವರ್ಷವೇ ಅಲ್ವಾ 'ನಕಲಿ ಅಭಿಮಾನಿಗಳು' ಅಂತ ಗಲಾಟೆ ಎದ್ದದ್ದು. ದೋಹಾದ ಕಾರ್ನಿಷ್ ರಸ್ತೆಯಲ್ಲಿ ಇಂಗ್ಲೆಂಡ್, ಅರ್ಜೆಂಟೀನಾ ಅಂಗಿ ಹಾಕಿ ಚೆಂಡೆ ಬಡೀತಾ ಹೋದ ನಮ್ಮವರನ್ನು ಕಂಡು, ಇವರು ದುಡ್ಡು ಕೊಟ್ಟು ಕರೆಸಿದವರು ಅಂತ ಯುರೋಪಿನ ಕೆಲವು ಪತ್ರಿಕೆಗಳು ಬರೆದವು. ಕೋಯಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೆಯ್ಮಾರ್ ಕಟೌಟ್ ನಿಲ್ಲಿಸಿದವರನ್ನು ಅವರು ಕಂಡಿರಲಿಲ್ಲವೇನೋ. ಸ್ವಂತ ದೇಶ ವಿಶ್ವಕಪ್ ಆಡದಿದ್ದರೆ ಅಭಿಮಾನ ಸಾಲ ತರಬೇಕಾಗ್ತದೆ, ಅದರಲ್ಲಿ ನಾಚಿಕೆ ಎಂತದ್ದು? ಯುರೋಪಿನಿಂದ ಬಂದವರು ದಾರಿ ತಪ್ಪಿದಾಗ ಯಾವ ಗೇಟು, ಯಾವ ಬಸ್ಸು, ಚಹಾ ಎಲ್ಲಿ ಅಂತ ತೋರಿಸಿದ್ದು ಇದೇ ಅಂಗಿಯವರು. ಅಲ್ ಬೈತ್ ಸ್ಟೇಡಿಯಮಿಗೆ ಮೆಟ್ರೊ ಇಲ್ಲ, ಲುಸೈಲಿನಲ್ಲಿ ಇಳಿದು ಬಸ್ಸು ಹಿಡೀಬೇಕು ಅಂತ ನನಗೆ ಹೇಳಿದ್ದೂ ಹಾಗೆ ಸಿಕ್ಕಿದ ಕಾಸರಗೋಡಿನ ಒಬ್ಬರು, ಬ್ರೆಜಿಲ್ ಅಂಗಿ, ಬಾಯಲ್ಲಿ ಕನ್ನಡ.

ಕತಾರ್ ಪುಟ್ಟ ದೇಶ, ಅದಕ್ಕೆ ಸುಲಭ ಅಂತೀರಾ? ರಷ್ಯಾ ನೋಡಿ. 2018ರಲ್ಲಿ ಹನ್ನೊಂದು ಊರು, ಕಲಿನಿನ್‌ಗ್ರಾಡಿನಿಂದ ಯೆಕಟೆರಿನ್‌ಬರ್ಗಿಗೆ ಸಾವಿರಾರು ಕಿಲೋಮೀಟರ್. ಫ್ಯಾನ್ ಐಡಿ ಇದ್ದರೆ ವೀಸಾ ಬೇಡ, ಮ್ಯಾಚಿನ ಟಿಕೆಟ್ ಇದ್ದರೆ ಊರಿಂದ ಊರಿಗೆ ವಿಶೇಷ ರೈಲು ಪುಕ್ಕಟೆ. 2024ರ ಯುರೋ ಕಪ್ಪಿನಲ್ಲಿ ಜರ್ಮನಿಯವರು ಮ್ಯಾಚಿನ ಟಿಕೆಟಿಗೇ 36 ಗಂಟೆ ಊರೊಳಗಿನ ಬಸ್ಸು ಟ್ರಾಮು ಸೇರಿಸಿದರು. ಆದರೂ ಗೆಲ್ಸನ್‌ಕಿರ್ಚನ್ನಿನಲ್ಲಿ ಇಂಗ್ಲೆಂಡ್–ಸರ್ಬಿಯಾ ಮ್ಯಾಚ್ ಮುಗಿದ ರಾತ್ರಿ ಜನ ಟ್ರಾಮಿಗೆ ಕಾದು ಕಾದು ಸೋತರು. ಪುಕ್ಕಟೆ ಕೊಟ್ಟರೆ ಸಾಲದು, ಗಾಡಿ ಬರಲೂ ಬೇಕಲ್ಲ ಮಾರಾಯ್ರೆ.

ಇನ್ನು ಅಮೆರಿಕ. 2026ರ ವಿಶ್ವಕಪ್ಪಿನ ಪಟ್ಟಿಯಲ್ಲಿ ಮೂರು ದೇಶ, 16 ಊರು, 104 ಪಂದ್ಯ. ಟಿಕೆಟ್ ಕೈಯಲ್ಲಿದ್ದರೂ ವೀಸಾ ಸಿಕ್ಕಿತು ಅಂತಲ್ಲ, ಅದು ಬೇರೆಯೇ ಸಾಲು. ನನ್ನ ತಕರಾರು ಊರಿನ ಹೆಸರಿನ ಮೇಲೆ. ಬೋಸ್ಟನ್ ಅಂತಾರೆ, ಸ್ಟೇಡಿಯಂ ಇರುವುದು ಫಾಕ್ಸ್‌ಬರೋದಲ್ಲಿ, ರಸ್ತೆಯಲ್ಲಿ ಸುಮಾರು 45 ಕಿಲೋಮೀಟರ್. ಸ್ಯಾನ್ ಫ್ರಾನ್ಸಿಸ್ಕೊ ಅಂದದ್ದು ಸಾಂಟಾ ಕ್ಲಾರಾ, ಇನ್ನೂ ದೂರ. ಡಲ್ಲಾಸ್ ಅಂದದ್ದು ಆರ್ಲಿಂಗ್ಟನ್, ಆ ಊರಿಗೆ ತನ್ನದೇ ಮೆಟ್ರೊ ಇಲ್ಲ, ಮಾಮೂಲಿ ಸಿಟಿ ಬಸ್ಸಿನ ಜಾಲವೂ ಇಲ್ಲ. ಫೈನಲ್ ಇಟ್ಟ ಸ್ಟೇಡಿಯಂ ನ್ಯೂಯಾರ್ಕಿನದ್ದೇ ಅಲ್ಲ, ಹೊಳೆ ದಾಟಿ ನ್ಯೂಜೆರ್ಸಿ. ನಾನಾದರೆ ಕೆನಡಾದ ವ್ಯಾಂಕೂವರ್ ಆರಿಸ್ತೇನೆ. ಸ್ಟೇಡಿಯಂ ಪೇಟೆಯ ನಡುವೆಯೇ, ಸ್ಕೈಟ್ರೇನ್ ಅನ್ನುವ ಅಲ್ಲಿಯ ಮೆಟ್ರೊದಿಂದ ಇಳಿದು ನಡೆದರೆ ಮುಗೀತು. ಅಲ್ಲಿ ಆಡುವವರು ಯಾರಾದರೂ ಸರಿ.

ನಾವೇನು ಕಮ್ಮಿಯಾ? 2023ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಚಾಂಪಿಯನ್ಸ್ ಲೀಗಿಗೆ ಮುಂಬಯಿ ಸಿಟಿ ಕ್ಲಬ್ಬಿನ 'ತವರು' ಮೈದಾನ ಪುಣೆಯ ಬಾಲೇವಾಡಿ. ಇರಾನಿನ ನಸ್ಸಾಜಿ ಟೀಮಿನ ಹಿಂದೆ ಬಂದ ಯಾರಾದರೂ ಹೆಸರು ನಂಬಿ ಕೊಲಾಬಾದಲ್ಲಿ ರೂಮು ಮಾಡಿದ್ದರೆ? ಘಾಟು ಹತ್ತಿ ಇಳಿಯುವುದರಲ್ಲೇ ದಿನ ಹೋಯ್ತು. ಸೌದಿಯ ಅಲ್ ಹಿಲಾಲ್ ಜತೆಗಿನ ಮ್ಯಾಚು ಮಾತ್ರ ನೆರೂಲಿನ ಡಿ. ವೈ. ಪಾಟೀಲ್ ಸ್ಟೇಡಿಯಮಿನಲ್ಲಿ. ಗಾಯಗೊಂಡ ಅವರ ನೆಯ್ಮಾರ್ ಬರಲಿಲ್ಲ, ನಮ್ಮವರು ಸೋತರು, ಹಾರ್ಬರ್ ಲೈನ್ ಒಂದು ಕೈ ಕೊಡಲಿಲ್ಲ.

ಅಂಧೇರಿ ಇದಕ್ಕಿಂತ ಎಷ್ಟೋ ವಾಸಿ. 2019ರ ಮಾರ್ಚ್ 17, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ಬೆಂಗಳೂರು–ಗೋವಾ. ಎರಡೂ ಕಡೆಯವರಿಗೆ ಪರವೂರು. ಅಜಾದ್ ನಗರ ಮೆಟ್ರೊ ಇಳಿದರೆ ಮೈದಾನ. ಇಲ್ಲಿಯದೇ ಕ್ಲಬ್ಬು ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಶನ್ನಿನ ಆಟ ನೋಡಿ ಬೆಳೆದ ನಮ್ಮಂಥ ಮುಂಬಯಿ ಕನ್ನಡಿಗರೂ ಅವತ್ತು ಬೆಂಗಳೂರಿನ ನೀಲಿ ಅಂಗಿ ಹುಡುಕಿ ಹಾಕಿಕೊಂಡದ್ದೇ. ತೊಂಬತ್ತು ನಿಮಿಷಕ್ಕೆ ಗೋಲಿಲ್ಲ. 117ನೇ ನಿಮಿಷಕ್ಕೆ ಕಾರ್ನರು, ಬೆಂಗಳೂರಿನ ರಾಹುಲ್ ಭೇಕೆಯ ಹೆಡರು, ಅವನೋ ಮುಂಬಯಿಯಲ್ಲೇ ಹುಟ್ಟಿದ ಹುಡುಗ! ನಾಕೌಟ್ ಮ್ಯಾಚಿಗೆ ಹೋಗುವವರು ಇದನ್ನು ಲೆಕ್ಕಕ್ಕೆ ಹಿಡೀಬೇಕು: ಹೆಚ್ಚುವರಿ ಅರ್ಧ ಗಂಟೆ, ಪೆನಾಲ್ಟಿ, ಕಪ್ಪು ಕೊಡುವ ಸಮಾರಂಭ. ಬೆಂಗಳೂರು ಕಪ್ಪು ಎತ್ತುವುದನ್ನು ನೋಡಲು ಗೋವಾದವರು ನಿಲ್ಲಲಿಲ್ಲ, ಪಾಪ, ಅವರಿಗೆ ಗಾಡಿ ಬೇಗ ಸಿಕ್ಕಿರಬೇಕು.

ಈಗ ನನ್ನ ಕಣ್ಣು 2030ರ ವಿಶ್ವಕಪ್ಪಿನ ಮೇಲೆ. ಸ್ಪೇನ್, ಪೋರ್ಚುಗಲ್, ಮೊರಾಕೊ. ಮೊರಾಕೊದಲ್ಲಿ ಟಾಂಜಿಯರ್, ರಬಾತ್, ಕಾಸಾಬ್ಲಾಂಕಾ ಮೂರೂ ಅಲ್ ಬೊರಾಕ್ ರೈಲಿನ ದಾರಿಯಲ್ಲೇ ಇವೆ, 2018ರಿಂದ ಓಡ್ತಿದೆ, ಗಂಟೆಗೆ 320 ಕಿಲೋಮೀಟರ್ ವರೆಗೆ ಹೋಗ್ತದೆ. ಆದರೆ ಕಾಸಾಬ್ಲಾಂಕಾದ ಹೆಸರಿನಲ್ಲಿ ಕಟ್ಟುತ್ತಿರುವ ಲಕ್ಷಕ್ಕೂ ಮಿಕ್ಕಿದ ಸೀಟಿನ ಸ್ಟೇಡಿಯಂ ಇರುವುದು ಬೆನ್‌ಸ್ಲಿಮಾನಿನಲ್ಲಿ, ಊರಿಂದ ಹೊರಗೆ. ಮತ್ತೆ ಫಾಕ್ಸ್‌ಬರೋ! ಹಾಗಾಗಿ ನಾನು ಟಾಂಜಿಯರಿನ ಗುಂಪಿನ ಪಂದ್ಯಕ್ಕೇ ಅರ್ಜಿ ಹಾಕುವವ. ಜತೆಗೆ ಬರುವವರು ಈಗಲೇ ಹೇಳಿ, ಚೀಟಿ ಫಂಡು ಶುರು ಮಾಡುವ.